ಸಂದು ಸಣ್ಣದು, ಸೋರಿಕೆ ದೊಡ್ಡದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕಾಪಾಡಿ ನೋಡು ಎಂಬ ಮಾತನ್ನು ಅವರು ಗಾದೆಯಲ್ಲಿ ಸೇರಿಸಲಿಲ್ಲ. ಆ ಪಾಠವನ್ನು ಮಳೆಗಾಲವೇ ಕಲಿಸೀತೆಂದು ಬಿಟ್ಟಿರಬೇಕು. ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಒಂದು ಸಂದು; ತಾರಸಿಯ ಅಂಚಿನಲ್ಲಿ ಕೂದಲೆಳೆಯಂಥ ಒಂದು ಬಿರುಕು. ಬೇಸಗೆಯಲ್ಲಿ ಕಣ್ಣಿಗೂ ಬೀಳದ ಈ ಗೆರೆಗಳು ಆಷಾಢ ಬಂದೊಡನೆ ಬಾಯಿ ತೆರೆಯುತ್ತವೆ. ಆಗ ಮನೆಯ ಯಜಮಾನರು ಅಂಗಡಿಗೆ ಓಡಿ, ಕೈಗೆ ಸಿಕ್ಕಿದ ಟ್ಯೂಬೊಂದನ್ನೋ ಒಂದು ಬೊಗಸೆ ಸಿಮೆಂಟನ್ನೋ ತಂದು ಮೆತ್ತುವುದುಂಟು. ಮರುವರ್ಷ ಅದೇ ಜಾಗ ಮತ್ತೆ ಸೋರುತ್ತದೆ. ತುಂಬಿದ ವಸ್ತು ಕೆಟ್ಟದ್ದೆಂದು ಬೈಯುವ ಮೊದಲು, ಆ ಸಂದಿಗೆ ಆ ವಸ್ತು ತಕ್ಕುದಾಗಿತ್ತೇ ಎಂದು ಕೇಳಿಕೊಳ್ಳುವುದು ಲೇಸು.

ಹಾಸನ ಜಿಲ್ಲೆಯ ಮೂರು ಊರುಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅರಸೀಕೆರೆ ತೆಂಗಿನ ನಾಡು, ರೈಲುಮಾರ್ಗಗಳು ಕೂಡುವ ಊರು. ಅಲ್ಲಿ ಮಳೆಗಿಂತ ಬಿಸಿಲಿನ ಕಾಟವೇ ಹೆಚ್ಚು. ಬೇಲೂರು ಯಗಚಿಯ ದಂಡೆಯ ಮೇಲೆ, ಮಲೆನಾಡಿನ ಹೊಸ್ತಿಲಲ್ಲಿದೆ; ಅಲ್ಲಿ ಗಾಳಿಯೊಡನೆ ಬರುವ ಇರಚಲು ಗೋಡೆಗೆ ಅಡ್ಡಡ್ಡಲಾಗಿ ಬಡಿಯುತ್ತದೆ. ಬೇಲೂರಿನಿಂದ ಸುಮಾರು ೧೬ ಕಿಲೋಮೀಟರ್ ದೂರದ ಹಳೇಬೀಡು ಇವೆರಡರ ಗುಣವನ್ನೂ ಅಷ್ಟಿಷ್ಟು ಪಡೆದಿದೆ. ಅರಸೀಕೆರೆಯ ಗೋಡೆ ಕಾದು ಹಿಗ್ಗಿ, ರಾತ್ರಿ ತಣಿದು ಕುಗ್ಗುತ್ತದೆ. ಬೇಲೂರಿನ ಗೋಡೆ ನೀರು ಕುಡಿದು ಉಬ್ಬಿ, ನಿಧಾನವಾಗಿ ಆರುತ್ತದೆ. ಎರಡಕ್ಕೂ ಒಂದೇ ಮದ್ದು ಸಲ್ಲದು.

ಶಿಲ್ಪಿಗಳು ಬಿಟ್ಟುಹೋದ ಪಾಠ

ಈ ನೆಲದ ಪ್ರಾಚೀನ ಕಟ್ಟಡಗಳೇ ನಮಗೆ ಮೊದಲ ಗುರುಗಳು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದುದು ಕ್ರಿ.ಶ. ೧೧೧೭ರಲ್ಲಿ. ಅಲ್ಲಿಯೂ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದಲ್ಲಿಯೂ ಬಳಪದ ಕಲ್ಲುಗಳನ್ನು ನಯವಾಗಿ ಕಡೆದು, ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಕೂಡಿಸಿದ್ದಾರೆ. ಸಂದುಗಳಲ್ಲಿ ಗಾರೆಯ ನೆರವನ್ನು ಬೇಡಿಲ್ಲ. ಗೋಡೆಯ ಮೇಲ್ಭಾಗದಲ್ಲಿ ಮುಂಚಾಚಿ ಇಳಿಜಾರಾಗಿ ನಿಂತ ಲೋವೆಯು ಮಳೆಯ ನೀರನ್ನು ಗೋಡೆಯಿಂದ ದೂರಕ್ಕೆ ಎಸೆಯುತ್ತದೆ. ಆದರೆ ಬೇಲೂರಿನ ಗರ್ಭಗುಡಿಯ ಮೇಲೆ ಇಟ್ಟಿಗೆ, ಮರ, ಗಾರೆಗಳಿಂದ ಕಟ್ಟಿದ್ದ ಶಿಖರವು ಶಿಥಿಲವಾಗಿ, ೧೯ನೆಯ ಶತಮಾನದಲ್ಲಿ ಅದನ್ನು ಇಳಿಸಬೇಕಾಯಿತು. ನೀರನ್ನು ಮೊದಲು ದೂರ ತಿರುಗಿಸು, ಸಂದನ್ನು ಆಮೇಲೆ ಮುಚ್ಚು ಎಂಬುದೇ ಇದರಿಂದ ಗೃಹಸ್ಥನು ಕಲಿಯಬೇಕಾದ ನೀತಿ. ತಾರಸಿಯಲ್ಲಿ ನೀರು ನಿಲ್ಲುತ್ತಿದ್ದರೆ, ದೋಣಿ ಕಟ್ಟಿಕೊಂಡಿದ್ದರೆ, ಕಿಟಕಿಯ ಮೇಲೆ ಸಜ್ಜೆಯಿಲ್ಲದಿದ್ದರೆ ಯಾವ ಅಂಟೂ ಬಹುಕಾಲ ತಡೆಯಲಾರದು.

ಬಿರುಕಿನ ನಾಡಿ ಹಿಡಿಯುವ ಬಗೆ

ವೈದ್ಯನು ನಾಡಿ ನೋಡಿಯೇ ಮದ್ದು ಕೊಡುತ್ತಾನೆ. ಬಿರುಕಿನಲ್ಲಿಯೂ ಎರಡು ಬಗೆ. ಗಿಲಾವು ಒಣಗುವಾಗ ಬಿಟ್ಟ ಬಿರುಕು ಒಮ್ಮೆ ಬಿಟ್ಟು ಸುಮ್ಮನಾಗುತ್ತದೆ. ಎರಡು ಬೇರೆ ಬೇರೆ ವಸ್ತುಗಳು ಕೂಡುವಲ್ಲಿ, ಎಂದರೆ ಮರದ ಚೌಕಟ್ಟು ಮತ್ತು ಗೋಡೆ, ತಗಡು ಮತ್ತು ಇಟ್ಟಿಗೆ ಸೇರುವಲ್ಲಿ, ಬಿಟ್ಟ ಸಂದು ಪ್ರತಿದಿನವೂ ಉಸಿರಾಡುತ್ತಿರುತ್ತದೆ. ಆರು ಮೀಟರ್ ಉದ್ದದ ಕಬ್ಬಿಣದ ತಗಡಿನ ಶಾಖ ೪೦ ಡಿಗ್ರಿಯಷ್ಟು ಏರಿದರೆ ಅದು ಸುಮಾರು ೩ ಮಿಲಿಮೀಟರ್ ಹಿಗ್ಗುತ್ತದೆ. ಅರಸೀಕೆರೆಯ ಬಿಸಿಲಿಗೆ ಇದೇನೂ ದೊಡ್ಡ ಮಾತಲ್ಲ. ಅಂಥ ಸಂದಿನಲ್ಲಿ ಗಟ್ಟಿಯಾಗಿ ಕೂರುವ ಸಿಮೆಂಟನ್ನು ತುಂಬಿದರೆ ಅದು ಬಿರಿಯದೆ ಇನ್ನೇನಾದೀತು?

ಬಿರುಕು ಚಲಿಸುತ್ತಿದೆಯೇ ಇಲ್ಲವೇ ಎಂದು ತಿಳಿಯಲು ಖರ್ಚಿಲ್ಲದ ಉಪಾಯವೊಂದಿದೆ. ಬಿರುಕಿನ ಎರಡು ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆಯೆಳೆದು ದಿನಾಂಕವನ್ನು ಬರೆದಿಡಿ. ಬಿರುಕಿಗೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ತೆಳುವಾದ ಪಟ್ಟಿಯೊಂದನ್ನು ಮೆತ್ತಿ. ಕೆಲವು ತಿಂಗಳಲ್ಲಿ ಪಟ್ಟಿ ಒಡೆದರೆ ಅದು ಚಲಿಸುವ ಬಿರುಕು. ಇಟ್ಟಿಗೆಯನ್ನೇ ಸೀಳಿಕೊಂಡು ಓರೆಯಾಗಿ ಸಾಗಿ, ದಿನದಿನಕ್ಕೆ ಅಗಲವಾಗುತ್ತಿದ್ದರೆ ಅದು ತಳಪಾಯದ ರೋಗ. ಅಂಟು ಬಿಟ್ಟು ಎಂಜಿನಿಯರರನ್ನು ಕರೆಯಿಸುವುದೇ ಜಾಣತನ.

ಅಂಗಡಿಯ ಟ್ಯೂಬುಗಳ ಪರಿಚಯ

ಇನ್ನು ಅಂಗಡಿಯಲ್ಲಿ ಸಿಗುವ ವಸ್ತುಗಳನ್ನು ನೋಡೋಣ. ಒಳಗೋಡೆಯ ನಿಶ್ಚಲವಾದ ಕೂದಲೆಳೆ ಬಿರುಕಿಗೆ ಬಿಳಿ ಸಿಮೆಂಟಿನ ಪುಟ್ಟಿ ಸಾಕು. ಒಳಗಡೆ ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವಣ ಸಂದಿಗೆ ಅಕ್ರಿಲಿಕ್ ಅಂಟು ಒಳ್ಳೆಯದು. ಅದರ ಮೇಲೆ ಬಣ್ಣ ನಿಲ್ಲುತ್ತದೆ, ಹಸಿಯಿದ್ದಾಗ ನೀರಿನಿಂದಲೇ ಕೈ ತೊಳೆದುಕೊಳ್ಳಬಹುದು. ಆದರೆ ಒಣಗುವ ಮುನ್ನ ಮಳೆ ಬಿದ್ದರೆ ಕೊಚ್ಚಿಹೋಗುತ್ತದೆ. ನೀರು ನಿಲ್ಲುವೆಡೆಗೆ ಅದು ತಕ್ಕುದಲ್ಲ.

ಬಚ್ಚಲುಮನೆಗೂ ಅಡಿಗೆಮನೆಯ ಕಟ್ಟೆಗೂ ಸಿಲಿಕೋನ್ ಬೇಕು. ನೀರಿಗೂ ಬಿಸಿಲಿಗೂ ಅದು ಜಗ್ಗದು; ಬಣ್ಣವನ್ನು ಮಾತ್ರ ಹಿಡಿಯದು. ಇದರಲ್ಲಿ ಎರಡು ಜಾತಿಗಳಿವೆಯೆಂಬುದನ್ನು ಕೊಳ್ಳುವವರು ತಿಳಿದಿರಬೇಕು. ಒಂದು ಹಚ್ಚುವಾಗ ವಿನಿಗರ್‌ನಂತೆ ಹುಳಿವಾಸನೆ ಬೀರುತ್ತದೆ. ಗಾಜಿಗೆ ಅದು ಉತ್ತಮ. ಆದರೆ ಅದರ ಆಮ್ಲವು ಸಿಮೆಂಟು, ಸುಣ್ಣ, ಅಮೃತಶಿಲೆಗಳಿಗೆ ಹೊಂದುವುದಿಲ್ಲ, ತಾಮ್ರಕ್ಕೂ ಸತುವಿನ ಲೇಪದ ತಗಡಿಗೂ ತುಕ್ಕು ತರುತ್ತದೆ. ಗೋಡೆಗೂ ಕಲ್ಲಿಗೂ 'ನ್ಯೂಟ್ರಲ್' ಎಂದು ಬರೆದಿರುವ ಎರಡನೆಯ ಜಾತಿಯನ್ನೇ ಕೇಳಿ ಕೊಳ್ಳಬೇಕು. ಬಚ್ಚಲಿಗಾದರೆ ಬೂಷ್ಟು ಹಿಡಿಯದಂತೆ ಔಷಧ ಸೇರಿಸಿದುದು ಮೇಲು.

ಬೇಲೂರಿನ ಇರಚಲಿಗೆ ಒಡ್ಡಿಕೊಂಡ ಹೊರಗೋಡೆಯ ಕಿಟಕಿಗೂ, ಅರಸೀಕೆರೆಯ ಬಿಸಿಲಿನಲ್ಲಿ ಆಡುವ ಕಾಂಕ್ರೀಟಿನ ಸಂದಿಗೂ ಪಾಲಿಯುರೆಥೇನ್ ಅಂಟು ಹೆಚ್ಚು ಬಾಳುತ್ತದೆ. ಅದು ಸಿಮೆಂಟನ್ನು ಬಿಗಿಯಾಗಿ ಹಿಡಿದು, ರಬ್ಬರಿನಂತೆ ಎಳೆದಾಡಿದರೂ ಬಿಡುವುದಿಲ್ಲ. ಬಿಸಿಲಿಗೆ ಹಳದಿಯಾಗುವುದರಿಂದ ಮೇಲೊಂದು ಕೈ ಬಣ್ಣ ಕೊಡಬೇಕು. ಎರಡು ಮುದ್ದೆಗಳನ್ನು ನಾದಿ ಹಚ್ಚುವ ಎಂಸೀಲ್ ಕಲ್ಲಿನಂತೆ ಗಟ್ಟಿಯಾಗುವುದರಿಂದ ಕೊಳವೆಯ ತೂತಿಗೆ ಯೋಗ್ಯ. ಆಡುವ ಸಂದಿಗೆ ಅಯೋಗ್ಯ.

ಯಾವುದನ್ನೇ ಕೊಂಡರೂ ಟ್ಯೂಬಿನ ಮೇಲಿನ ಅವಧಿಯನ್ನು ನೋಡಿ. ಹಳೆಯ ಅಂಟು, ಧೂಳು, ಸಡಿಲವಾದ ಸುಣ್ಣ ಎಲ್ಲವನ್ನೂ ಕೆರೆದು, ಒಣಗಿದ ಮೇಲೆಯೇ ಹಚ್ಚಿ. ಸಂದು ಆಳವಾಗಿದ್ದರೆ ಮೊದಲು ಸ್ಪಂಜಿನ ಹುರಿಯನ್ನು ಒಳಗೆ ತುರುಕಿ, ಅಂಟಿನ ಆಳವು ಅಗಲದ ಅರ್ಧದಷ್ಟಿರುವಂತೆ ತುಂಬಿ. ೧೨ ಮಿಲಿಮೀಟರ್ ಅಗಲಕ್ಕೆ ೬ ಮಿಲಿಮೀಟರ್ ಆಳ ಸಾಕು. ಅಂಟು ಎರಡು ಪಕ್ಕಗಳನ್ನು ಮಾತ್ರ ಹಿಡಿಯಬೇಕು. ತಳವನ್ನೂ ಹಿಡಿದರೆ ಎಳೆತಕ್ಕೆ ಹರಿಯುತ್ತದೆ.

ಹಳೆಯ ಮನೆಗೆ ಹಳೆಯ ಮದ್ದು

ಆದರೆ ಈ ಊರುಗಳ ಹಳೆಯ ಬೀದಿಗಳಲ್ಲಿ ಮಣ್ಣಿನಿಂದಲೂ ಸುಣ್ಣದ ಗಾರೆಯಿಂದಲೂ ಕಟ್ಟಿದ ಮನೆಗಳು ಇನ್ನೂ ಉಳಿದಿವೆ. ಇವುಗಳಿಗೆ ಸಿಮೆಂಟು ಮಾಡುವ ಕೇಡನ್ನು ಸೋರಿಕೆಯೂ ಮಾಡಲಾರದು. ಹಳೆಯ ಗೋಡೆಯು ನೆಲದ ತೇವವನ್ನು ಹೀರಿ, ಸಂದಿನ ಸುಣ್ಣದ ಮೂಲಕ ಹೊರಕ್ಕೆ ಬಿಡುತ್ತದೆ. ಆ ಸಂದಿಗೆ ಸಿಮೆಂಟು ಬಳಿದರೆ ತೇವಕ್ಕೆ ಇಟ್ಟಿಗೆಯೊಂದೇ ದಾರಿ. ತೇವ ಆರುವಾಗ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ, ಚಕ್ಕೆ ಚಕ್ಕೆಯಾಗಿ ಇಟ್ಟಿಗೆ ಉದುರುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಮಾತ್ರ ಎಲುಬುಗಳಂತೆ ಎದ್ದು ನಿಲ್ಲುತ್ತವೆ. ಗೋಡೆಯೊಳಗೆ ಸಿಕ್ಕಿದ ತೊಲೆಯ ತುದಿಯೂ ಕಾಣದಂತೆ ಕೊಳೆಯುತ್ತದೆ. ಆದುದರಿಂದ ಕೂಡಿಸುವ ವಸ್ತುವು ಕೂಡಿಸಲ್ಪಡುವ ವಸ್ತುವಿಗಿಂತ ಮೆತ್ತಗಿರಬೇಕು. ಸವೆಯುವುದಾದರೆ ಗಾರೆ ಸವೆಯಲಿ, ಗೋಡೆ ಉಳಿಯಲಿ. ಗಾರೆಯನ್ನು ಮತ್ತೆ ತುಂಬಬಹುದು, ಗೋಡೆಯನ್ನು ತುಂಬಲಾದೀತೇ?

ಇಂಥ ಮನೆಗೆ ಚೆನ್ನಾಗಿ ಅರಳಿದ ಸುಣ್ಣ ಒಂದು ಪಾಲು, ಮರಳು ಎರಡೂವರೆಯಿಂದ ಮೂರು ಪಾಲು ಸೇರಿಸಿದ ಗಾರೆಯೇ ಸರಿ. ತೇವ ಹೆಚ್ಚಾದ ಬೇಲೂರಿನ ಕಡೆ ಇಟ್ಟಿಗೆಯ ಪುಡಿ, ಎಂದರೆ ಸುರ್ಕಿಯನ್ನು ಬೆರೆಸಿದರೆ ಹಸಿಯಲ್ಲಿಯೂ ಗಾರೆ ಗಟ್ಟಿಯಾಗುತ್ತದೆ. ಸಂದನ್ನು ಅದರ ಅಗಲದ ಎರಡರಷ್ಟಾದರೂ ಆಳಕ್ಕೆ ಕೆದಕಿ, ನೀರು ಚಿಮುಕಿಸಿ, ಕರಣೆಯಿಂದ ಒತ್ತಿ ತುಂಬಿ, ಕೆಲವು ದಿನ ಒದ್ದೆ ಗೋಣಿಯ ನೆರಳಿನಲ್ಲಿಡಬೇಕು. ಸುಣ್ಣವು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುವುದಕ್ಕೆ ಕಾಲ ಬೇಕು. ಅವಸರದ ಮೇಸ್ತ್ರಿಗೆ ಈ ಕೆಲಸ ಒಗ್ಗದು.

ಹೆಂಚಿನ ಮನೆಯ ಮಾತೇ ಬೇರೆ. ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ನಾಡಿನಲ್ಲೆಲ್ಲ ಹಬ್ಬಿದ ಮಂಗಳೂರು ಹೆಂಚು ಒಂದರ ಮೇಲೊಂದು ಕೂತು ನೀರನ್ನು ಜಾರಿಸುತ್ತದೆ. ಅದರ ಸಂದುಗಳಿಗೆ ಸಿಮೆಂಟು ಮೆತ್ತಿದರೆ ಒಳಹೊಕ್ಕ ನೀರಿಗೆ ಹೊರಹೋಗಲು ದಾರಿಯಿರದು, ಪಕಾಸಿಗಳು ಕೊಳೆಯುತ್ತವೆ. ಒಡೆದ ಹೆಂಚನ್ನು ಬದಲಾಯಿಸುವುದೇ ಅಲ್ಲಿ ದುರಸ್ತಿ.

ದೇವಾಲಯದ ನೆರೆಹೊರೆಯವರಿಗೆ

ಸೋಮನಾಥಪುರದೊಡನೆ ಬೇಲೂರು, ಹಳೇಬೀಡುಗಳ ದೇವಾಲಯಗಳು ೨೦೨೩ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಅವುಗಳ ಸುತ್ತ ವಾಸಿಸುವವರಿಗೆ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪ್ರಾಚೀನ ಸ್ಮಾರಕಗಳ ೧೯೫೮ರ ಕಾನೂನಿಗೆ ೨೦೧೦ರಲ್ಲಿ ಆದ ತಿದ್ದುಪಡಿಯಂತೆ, ಸಂರಕ್ಷಿತ ಸ್ಮಾರಕದಿಂದ ೧೦೦ ಮೀಟರ್‌ವರೆಗಿನ ಪ್ರದೇಶದಲ್ಲಿ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ ೨೦೦ ಮೀಟರ್ ನಿಯಂತ್ರಿತ. ಗೋಡೆಯನ್ನೋ ತಾರಸಿಯನ್ನೋ ಬಿಚ್ಚಿ ದುರಸ್ತಿ ಮಾಡುವವರು ಮುಂಚಿತವಾಗಿ ಅನುಮತಿ ಪಡೆಯಬೇಕು. ಸಣ್ಣ ಸಂದನ್ನು ಸಕಾಲದಲ್ಲಿ ತುಂಬಿ, ಗೋಡೆ ಬಿಚ್ಚುವ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಅವರಿಗೆ ಇಮ್ಮಡಿ ಲಾಭ.

ಈ ಕೆಲಸಕ್ಕೆ ಮಾಘದಿಂದ ಚೈತ್ರದವರೆಗಿನ ಕಾಲ ಪ್ರಶಸ್ತ. ಗೋಡೆಗಳು ಚೆನ್ನಾಗಿ ಆರಿರುತ್ತವೆ, ಮೇಸ್ತ್ರಿಗೂ ಬಿಡುವಿರುತ್ತದೆ. ಒಂದು ಬೆಳಿಗ್ಗೆ ಮನೆಯನ್ನೊಮ್ಮೆ ಸುತ್ತಿ, ಕಂಡ ಬಿರುಕುಗಳಿಗೆ ಪೆನ್ಸಿಲಿನಿಂದ ಗುರುತು ಮಾಡಿ, ಯಾವುದು ಆಡುವುದು, ಯಾವುದು ನಿಂತುದು, ಯಾವುದು ಸುಣ್ಣದ ಗೋಡೆಯದು ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹೋಗುವಾಗ ಆ ಚೀಟಿ ಜೇಬಿನಲ್ಲಿರಲಿ.