ನೆಟ್ ಹಾಕಿದ ಕೂಡಲೇ ನಿಲ್ಲುವ ಕಂಪ್ಯೂಟರು, ಅದನ್ನು ಎಬ್ಬಿಸುವ ಟಿಟ್ವಾಳಾದ ಕೈಗಳು

ಕಸಾರಾ ಲೋಕಲ್ ಕಲ್ಯಾಣ ಬಿಟ್ಟ ಮೇಲೆ ಶಹಾಡ್, ಆಂಬಿವ್ಲಿ, ಆಮೇಲೆ ಟಿಟ್ವಾಳಾ. ಮುಂಬಯಿಯ ಸಿಎಸ್‌ಎಂಟಿಯಿಂದ 64 ಕಿಲೋಮೀಟರು. ಮುಂಬಯಿಯ ಭಕ್ತರಿಗೆ ಇದು ಕಾಳೂ ನದಿಯ ಕಡೆಯ ಮಹಾಗಣಪತಿಯ ಊರು. ಡೊಂಬಿವ್ಲಿಯಲ್ಲಿ ಫ್ಲ್ಯಾಟಿನ ಬೆಲೆ ಕೇಳಿ ಹೌಹಾರಿ, ಇನ್ನೂ ಕೆಲವು ಸ್ಟೇಷನ್ ಮುಂದೆ ಬಂದು ಮನೆ ಮಾಡಿದವರಿಗೆ ಬೆಳಗಿನ ಲೋಕಲ್ಲಿನಲ್ಲಿ ಸೀಟು ಹಿಡಿಯುವ ಊರು. ಇಂಥ ಮನೆಗಳ ಒಂದು ಮೂಲೆಯಲ್ಲಿ ಕಂಪ್ಯೂಟರ್ ಇರುತ್ತದೆ. ಮಗನ ಇಂಜಿನಿಯರಿಂಗಿಗೆಂದು ಅಸೆಂಬಲ್ ಮಾಡಿಸಿದ್ದು. ಮಗ ಲ್ಯಾಪ್‌ಟಾಪ್ ಹಿಡಿದು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಅಪ್ಪನ ಪಿಂಚಣಿ, ಕರೆಂಟ್ ಬಿಲ್ಲು, ರೈಲು ಟಿಕೆಟ್ಟಿನ ಪಾಲಿಗೆ ಉಳಿದದ್ದು. ಅದು ಕೆಟ್ಟಾಗ ಕಂಪನಿಯ ಸರ್ವಿಸ್ ಸೆಂಟರಿನವರು ಬರುವುದಿಲ್ಲ, ಏಕೆಂದರೆ ಅಸೆಂಬಲ್ ಮಾಡಿದ ಡಬ್ಬಕ್ಕೆ ಕಂಪನಿಯೇ ಇಲ್ಲ. ಬರುವವನು ಹೆಗಲಿಗೆ ಬ್ಯಾಗು ಹಾಕಿಕೊಂಡ ರಿಪೇರಿಯವನು.

ಆ ಬ್ಯಾಗಿನೊಳಗೆ ಒಮ್ಮೆ ಇಣುಕಬೇಕು. ಸ್ಕ್ರೂಡ್ರೈವರು, ಧೂಳು ಹೊಡೆಯಲು ಪೇಂಟಿನ ಬ್ರಶ್ಶು, ಥರ್ಮಲ್ ಪೇಸ್ಟು, ಒಂದು ಗುಂಡು ಸೆಲ್ಲು, ಶಾಲೆಯ ಮಕ್ಕಳ ರಬ್ಬರು. ಜೊತೆಗೆ ಸರಿಯಾಗಿದೆಯೆಂದು ಖಾತ್ರಿಯಾದ ಒಂದು ರ‍್ಯಾಮು, ಒಂದು ಎಸ್‌ಎಂಪಿಎಸ್ಸು, ಅಂದರೆ ಪವರ್ ಸಪ್ಲೈ. ಈ ಕಸುಬಿನ ಮುಕ್ಕಾಲು ಪಾಲು ಆ ಖಾತ್ರಿಯಾದ ಬಿಡಿಭಾಗದಲ್ಲೇ ಇದೆ. ಅನುಮಾನ ಬಂದದ್ದನ್ನು ತೆಗೆದು ಇದನ್ನು ಹಾಕಿ ನೋಡಿದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಅವನಿಗೆ ಬರುವ ಕರೆಗಳಲ್ಲಿ ಒಂದು ತೀರಾ ಮಾಮೂಲಿ. ‘ಕಂಪ್ಯೂಟರ್ ಚೆನ್ನಾಗೇ ಇದೆ, ನೆಟ್ ಹಾಕಿದ ಕೂಡಲೇ ನಿಂತುಬಿಡುತ್ತದೆ.’ ಟೈಪು ಮಾಡಬಹುದು, ಹಾಡು ಕೇಳಬಹುದು, ಇಸ್ಪೀಟು ಆಡಬಹುದು. ಬ್ರೌಸರ್ ತೆರೆದರೆ ಮಾತ್ರ ಮೌಸಿನ ಬಾಣ ಇದ್ದಲ್ಲೇ ಕೂತಿರುತ್ತದೆ. ಮನೆಯವರು ಮೊದಲು ದೂರುವುದು ಲೈನನ್ನು. ಲೈನಿನವನು ಬಂದು ತನ್ನ ಮೊಬೈಲಿನಲ್ಲಿ ಸ್ಪೀಡು ತೋರಿಸಿ, ‘ನಮ್ಮದು ಸರಿ ಇದೆ’ ಎಂದು ಹೊರಟುಹೋಗುತ್ತಾನೆ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳಿದ್ದು ನಿಜವೇ. ಲೈನು ನಿಧಾನವಾದರೆ ಪುಟ ತೆರೆಯುವುದಿಲ್ಲ, ಅಷ್ಟೆ. ಇಡೀ ಯಂತ್ರ ಕಲ್ಲಾಗುವುದಿಲ್ಲ.

ಹಾಗಾದರೆ ನೆಟ್ಟಿಗೂ ಇದಕ್ಕೂ ಏನು ಸಂಬಂಧ? ನೆಟ್ ಸಿಕ್ಕ ಕ್ಷಣದಲ್ಲಿ ಕಂಪ್ಯೂಟರಿನೊಳಗೆ ಎಲ್ಲರೂ ಒಟ್ಟಿಗೆ ಏಳುತ್ತಾರೆ. ವಿಂಡೋಸ್ ತನ್ನ ಅಪ್‌ಡೇಟು ಇಳಿಸಿಕೊಳ್ಳಲು ತೊಡಗುತ್ತದೆ, ಆಂಟಿವೈರಸ್ ತನ್ನ ಪಟ್ಟಿ ತರಿಸಿಕೊಳ್ಳುತ್ತದೆ, ಒನ್‌ಡ್ರೈವ್ ಫೋಟೋಗಳನ್ನು ಮೇಲಕ್ಕೆ ಕಳಿಸುತ್ತದೆ, ಬ್ರೌಸರ್ ನಿನ್ನೆಯ ಹದಿನೈದು ಪುಟಗಳನ್ನು ಒಮ್ಮೆಲೇ ತೆರೆಯುತ್ತದೆ. ರ‍್ಯಾಮು ತುಂಬುತ್ತದೆ, ಪ್ರೊಸೆಸರು ಬಿಸಿಯಾಗುತ್ತದೆ, ಹಳೆಯ ತಿರುಗುವ ಹಾರ್ಡ್‌ಡಿಸ್ಕು ಏದುಸಿರು ಬಿಡುತ್ತದೆ. ಮಾಮೂಲಿ ದಿನ ಗಟ್ಟಿಯಾಗೇ ಕಾಣುವ ಸ್ಟೇಷನ್ನಿನ ಸೇತುವೆಯ ತಾಕತ್ತು ಗೊತ್ತಾಗುವುದು ಅಂಗಾರಕ ಸಂಕಷ್ಟಿಯ ಜನ ಹತ್ತಿದಾಗ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕಿನ ಅಂಕಣ ನೂರು ಪರ್ಸೆಂಟಿಗೆ ಹೋಗಿ ಕೂತಿದ್ದರೆ ರಿಪೇರಿಯವನಿಗೆ ಬೇರೆ ಸಾಕ್ಷಿ ಬೇಡ. ನಾಲ್ಕು ಜಿಬಿ ರ‍್ಯಾಮು, ಹಳೆಯ ಡಿಸ್ಕು ಇರುವ ಯಂತ್ರಕ್ಕೆ ಒಂದು ಎಸ್‌ಎಸ್‌ಡಿ ಹಾಕಿಕೊಟ್ಟರೆ ಇನ್ನೂ ಕೆಲವು ವರ್ಷ ನೂಕಬಹುದು.

ಎಲ್ಲವೂ ಇಷ್ಟು ಸಲೀಸಾಗಿ ಬಗೆಹರಿದರೆ ಇದನ್ನು ಕಸುಬು ಎನ್ನಬೇಕಾಗಿರಲಿಲ್ಲ. ಒಳ್ಳೆಯ ರಿಪೇರಿಯವನು ಬಂದವನೇ ಸ್ಕ್ರೂಡ್ರೈವರ್ ತೆಗೆಯುವುದಿಲ್ಲ, ಕೇಳುತ್ತಾನೆ.

‘ಕಾಕೂ, ನಿಂತಾಗ ಫ್ಯಾನಿನ ಸದ್ದು ಜಾಸ್ತಿ ಆಗ್ತಿತ್ತಾ?’

‘ಸದ್ದು ಗಿದ್ದು ಗೊತ್ತಿಲ್ಲಪ್ಪ. ಹೋದ ವಾರ ಸಿಡಿಲು ಬಡಿದ ಮೇಲಿಂದ ಹೀಗೆ.’

ಆ ಒಂದು ಮಾತಿಗೆ ಅರ್ಧ ದಿನದ ಕೆಲಸ ಉಳಿಯುತ್ತದೆ. ಆಮೇಲೆ ಯಂತ್ರ ನಿಂತಾಗ ಅವನು ಒತ್ತುವುದು ಕ್ಯಾಪ್ಸ್ ಲಾಕ್. ಕೀಬೋರ್ಡಿನ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಜೀವ ಇದೆ, ಯಾವುದೋ ಪ್ರೋಗ್ರಾಮು ಮಾತ್ರ ಸಿಕ್ಕಿಹಾಕಿಕೊಂಡಿದೆ. ದೀಪ ಮಿಸುಕದಿದ್ದರೆ ಬುಡವೇ ನಿಂತಿದೆ: ಡ್ರೈವರು, ರ‍್ಯಾಮು, ಶಾಖ, ಇಲ್ಲವೇ ಪವರ್ ಸಪ್ಲೈ. ಮುಂದೆ ವೈಫೈ ಆರಿಸಿ ಕೇಬಲ್ಲಿನಲ್ಲಿ ನೋಡುತ್ತಾನೆ, ಕೇಬಲ್ ಕಿತ್ತು ವೈಫೈಯಲ್ಲಿ ನೋಡುತ್ತಾನೆ. ಸೇಫ್ ಮೋಡಿನಲ್ಲಿ ನೆಟ್ಟಿನೊಂದಿಗೆ ತೆರೆದಾಗ ಚೆನ್ನಾಗಿ ಓಡಿದರೆ ತಪ್ಪು ಆಮೇಲೆ ತುಂಬಿದ ಯಾವುದೋ ಸಾಫ್ಟ್‌ವೇರಿನದು. ಒಂದರ ಮೇಲೊಂದು ಹಾಕಿಕೊಂಡ ಎರಡು ಆಂಟಿವೈರಸ್ಸುಗಳು ಇಂಥಲ್ಲಿ ಹಳೆಯ ಗಿರಾಕಿಗಳು. ಕೊನೆಗೆ ಪೆನ್‌ಡ್ರೈವಿನಿಂದ ಲಿನಕ್ಸ್ ಏಳಿಸುತ್ತಾನೆ. ಅದರಲ್ಲೂ ನಿಂತರೆ ವಿಂಡೋಸಿನ ಮೇಲೆ ಆರೋಪ ಹೊರಿಸುವಂತಿಲ್ಲ, ಕ್ಯಾಬಿನೆಟ್ ಬಿಚ್ಚಲೇಬೇಕು.

ಬಿಚ್ಚಿದರೆ ಈ ಸೀಮೆಯ ಹವೆಯೇ ಕಣ್ಣಿಗೆ ಬೀಳುತ್ತದೆ. ನಾಲ್ಕು ತಿಂಗಳ ಮಳೆಯ ತೇವಕ್ಕೆ ರ‍್ಯಾಮಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿರುತ್ತವೆ. ರಬ್ಬರು ಇರುವುದು ಅದನ್ನು ಉಜ್ಜಲಿಕ್ಕೆ. ಮಳೆಗಾಲದ ಮುಂಚೆ ಮತ್ತು ಕೊನೆಗೆ ಬರುವ ಗುಡುಗು ಸಿಡಿಲಿನ ಹೊಡೆತ ಕರೆಂಟಿನ ತಂತಿಯಿಂದ ಮಾತ್ರ ಬರುತ್ತದೆಂದು ಜನ ತಿಳಿದಿರುತ್ತಾರೆ. ಪ್ಲಗ್ಗು ಕಿತ್ತಿಡುತ್ತಾರೆ, ಫೋನಿನ ತಂತಿ ಹಾಗೇ ಬಿಡುತ್ತಾರೆ. ಆ ತಂತಿಯಲ್ಲಿ ಬಂದ ಏಟು ಮೋಡೆಮ್ಮನ್ನು ದಾಟಿ ಮದರ್‌ಬೋರ್ಡಿನ ಲ್ಯಾನ್ ಚಿಪ್ಪನ್ನು ಅರ್ಧ ಕೊಂದಿರುತ್ತದೆ. ಪೂರ್ತಿ ಸತ್ತಿದ್ದರೆ ಚಿಂತೆಯಿಲ್ಲ. ಅರ್ಧ ಸತ್ತದ್ದು ಕೇಬಲ್ ಸಿಕ್ಕಿಸಿದಾಗಲೆಲ್ಲ ಇಡೀ ಯಂತ್ರವನ್ನು ಎಳೆದು ನಿಲ್ಲಿಸುತ್ತದೆ. ಬಯಾಸಿನಲ್ಲಿ ಆ ಚಿಪ್ಪನ್ನು ಆರಿಸಿ, ಪ್ರತ್ಯೇಕ ಲ್ಯಾನ್ ಕಾರ್ಡು ಸಿಕ್ಕಿಸಿದರೆ ಕೆಲಸ ಮುಗಿಯಿತು. ಹೊಸ ಮದರ್‌ಬೋರ್ಡು ಬೇಕೆಂದು ಹೇಳುವವರೂ ಉಂಟು. ಅಂಥವರನ್ನು ಎರಡನೆಯ ಸಲ ಕರೆಯಬೇಕಾಗಿಲ್ಲ.

ಗುಂಡು ಸೆಲ್ಲಿನ ಕತೆ ಇನ್ನೂ ಸಣ್ಣದು. ಸಿಆರ್ 2032 ಎಂಬ ಆ ಸೆಲ್ಲು ಮುಗಿದರೆ ಕಂಪ್ಯೂಟರಿನ ತಾರೀಕು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಬ್ಯಾಂಕಿನ ತಾಣಗಳೆಲ್ಲ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಯವರ ದೂರು ಆಗಲೂ ‘ನೆಟ್ ಕೆಟ್ಟಿದೆ’ ಎಂದೇ.

ಈ ಕಾಯಿಲೆ ಹೊಸದೇನೂ ಅಲ್ಲ. ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮುಂದಿನ ಕೆಲವು ವರ್ಷಗಳಲ್ಲಿ ಮನೆಮನೆಗೆ ಬಂದ ಅಗ್ಗದ ಒಳಮೋಡೆಮ್ಮುಗಳು ಈ ಕಾಯಿಲೆಗೆ ಒಳ್ಳೆಯ ತವರು. ಅವುಗಳಲ್ಲಿ ಬಹಳಷ್ಟು ಅರೆಬರೆ ಮೋಡೆಮ್ಮುಗಳು. ಸದ್ದನ್ನು ಅಕ್ಷರವಾಗಿಸುವ ದುಡಿಮೆಯನ್ನು ಪ್ರೊಸೆಸರಿನ ತಲೆಗೇ ಕಟ್ಟುತ್ತಿದ್ದವು. ಸೌಂಡ್ ಕಾರ್ಡೂ ಮೋಡೆಮ್ಮೂ ಒಂದೇ ಐಆರ್‌ಕ್ಯೂ ನಂಬರಿಗೆ ಜಗಳವಾಡಿದರಂತೂ ಡಯಲ್ ಮಾಡಿದೊಡನೆ ವಿಂಡೋಸ್ 98 ನಿಶ್ಚಲ. ಮೋಡೆಮ್ಮನ್ನು ಪಕ್ಕದ ಸ್ಲಾಟಿಗೆ ಬದಲಾಯಿಸುವುದೇ ಆಗಿನ ಮದ್ದು. 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಬಂದಾಗ ಠಾಣೆಯವರಿಗೆ ಎಂಟಿಎನ್‌ಎಲ್, ಕಲ್ಯಾಣದಿಂದ ಈಚೆಗೆ ಬಿಎಸ್‌ಎನ್‌ಎಲ್. ಕರೆಂಟಿನ ಲೆಕ್ಕವೂ ಬೇರೆಯೇ. ಮುಂಬಯಿ ಝಗಮಗಿಸುವಾಗ ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣದ ಈ ಕಡೆಯವರು ಲೋಡ್‌ಶೆಡ್ಡಿಂಗಿನಲ್ಲಿ ಕೂತು ಯುಪಿಎಸ್ಸಿನ ಕೂಗು ಕೇಳಿದ್ದಾರೆ.

ಈ ಕಸುಬಿನವರು ಮರೆಯದ ತಿಂಗಳು 2003ರ ಆಗಸ್ಟ್. ಬ್ಲಾಸ್ಟರ್ ಎಂಬ ಹುಳು ಹೊರಬಿದ್ದದ್ದು ಆ ತಿಂಗಳ 11ರಂದು. ಯಾವ ಮೇಲ್ ತೆರೆಯಬೇಕಾಗಿರಲಿಲ್ಲ, ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರ ನೆಟ್ಟಿಗೆ ಬಂದರೆ ಸಾಕು, 135ನೇ ಪೋರ್ಟಿನಿಂದ ಒಳಗೆ ಬರುತ್ತಿತ್ತು. ತೆರೆಯ ಮೇಲೊಂದು ಚೌಕ ಮೂಡಿ 60 ಸೆಕೆಂಡಿನಿಂದ ಕೆಳಕ್ಕೆ ಎಣಿಸಿ ಯಂತ್ರವನ್ನು ಆರಿಸಿ ಮತ್ತೆ ಶುರುಮಾಡಿಸುತ್ತಿತ್ತು. ಮೈಕ್ರೋಸಾಫ್ಟ್ ಅದರ ತೇಪೆಯನ್ನು ಜುಲೈ 16ಕ್ಕೇ ಕೊಟ್ಟಿತ್ತು. ತೇಪೆ ಇಳಿಸಲು ನೆಟ್ ಬೇಕು, ನೆಟ್ಟಿಗೆ ಹೋದರೆ ಒಂದು ನಿಮಿಷದಲ್ಲಿ ಯಂತ್ರ ಆರುತ್ತದೆ! ಬಲ್ಲವರು ಆ ನಿಮಿಷದೊಳಗೆ ಸ್ಟಾರ್ಟ್, ರನ್ ಒತ್ತಿ ‘ಶಟ್‌ಡೌನ್ -ಎ’ ಎಂದು ಟೈಪಿಸಿ ಎಣಿಕೆ ನಿಲ್ಲಿಸುತ್ತಿದ್ದರು, ಇಲ್ಲವೇ ತೇಪೆಯನ್ನು ಸಿಡಿಯಲ್ಲಿ ಒಯ್ಯುತ್ತಿದ್ದರು. ಮುಂದಿನ ವರ್ಷ ಜರ್ಮನಿಯ ಒಬ್ಬ ಹದಿಹರೆಯದ ಹುಡುಗ ಬರೆದ ಸ್ಯಾಸರ್ ಇದೇ ಆಟ ಆಡಿತು. 2004ರ ಆಗಸ್ಟಿನಲ್ಲಿ ಬಂದ ಸರ್ವಿಸ್ ಪ್ಯಾಕ್ 2, ಫೈರ್‌ವಾಲನ್ನು ತಾನಾಗಿಯೇ ಹಾಕಿಕೊಂಡು ಬಂತು. ಅದಕ್ಕಿಂತ ಮುಂಚೆಯೂ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆರಿಸಿಟ್ಟಿದ್ದರು. ಇಷ್ಟು ದೊಡ್ಡ ಕಂಪನಿಗೆ ಇದು ಮೊದಲೇ ಹೊಳೆಯಲಿಲ್ಲವೇ ಎಂದು ಈಗಲೂ ಅನಿಸುತ್ತದೆ.

ವೈರಸ್ಸಿನ ಕಾಟದಿಂದಲೇ ಮೇಲೆ ಬಂದ ರಿಪೇರಿಯವರೂ ಇದ್ದಾರೆ. ಪುಣೆಯ ಕೈಲಾಸ್ ಕಾಟ್ಕರ್ ಕ್ಯಾಲ್ಕ್ಯುಲೇಟರ್ ರಿಪೇರಿಯಿಂದ ಶುರುಮಾಡಿದವರು. ರಿಪೇರಿಗೆ ಬಂದ ಕಂಪ್ಯೂಟರುಗಳಲ್ಲಿ ವೈರಸ್ಸು ಕಂಡು, ಕಂಪ್ಯೂಟರ್ ಓದುತ್ತಿದ್ದ ತಮ್ಮ ಸಂಜಯ್ ಅದನ್ನು ತೆಗೆಯುವ ಸಾಫ್ಟ್‌ವೇರ್ ಬರೆದರು. ಅಣ್ಣತಮ್ಮಂದಿರ ಆ ಸರ್ವಿಸ್ ಅಂಗಡಿಯೇ ಮುಂದೆ ಕ್ವಿಕ್ ಹೀಲ್ ಆಗಿ, 2016ರಲ್ಲಿ ಷೇರುಪೇಟೆಗೂ ಬಂತು. ಟಿಟ್ವಾಳಾದವರ ದಾರಿ ಅಷ್ಟು ಉದ್ದವಿಲ್ಲ. ಬಿಡಿಭಾಗಕ್ಕೆ ಗ್ರಾಂಟ್ ರೋಡಿನ ಪಕ್ಕದ ಲ್ಯಾಮಿಂಗ್ಟನ್ ರೋಡಿಗೆ ಹೋಗಿಬರುವುದು, ನಮ್ಮ ಬೆಂಗಳೂರಿನವರು ಎಸ್‌.ಪಿ. ರೋಡಿಗೆ ಹೋಗುವ ಹಾಗೆ.

ಒಂದು ತಕರಾರು ಹೇಳಲೇಬೇಕು. ಏನು ಕೆಟ್ಟಿದ್ದರೂ ‘ಫಾರ್ಮ್ಯಾಟ್ ಹೊಡೆಯೋಣ’ ಎನ್ನುವವರು ಈ ಕಸುಬಿನ ಸೋಮಾರಿಗಳು. ಮುಂಬಯಿ ಕಡೆಯ ಕನ್ನಡದ ಮನೆಗಳಿಗೆ ಇದರಿಂದ ಆಗುವ ನಷ್ಟ ಬೇರೆಯವರಿಗೆ ತಿಳಿಯದು. ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದವರು ವರ್ಷಗಟ್ಟಲೆ ‘ನುಡಿ’ ತಂತ್ರಾಂಶದಲ್ಲೋ ‘ಬರಹ’ದಲ್ಲೋ ಟೈಪು ಮಾಡಿಟ್ಟ ಆಮಂತ್ರಣ, ವರದಿ, ನಾಟಕದ ಪ್ರತಿ ಎಲ್ಲ ಅದರಲ್ಲಿರುತ್ತವೆ. ಕಡತಗಳನ್ನು ಉಳಿಸಿಕೊಟ್ಟರೂ ಫಾಂಟು ಹೋಗಿರುತ್ತದೆ. ಹಳೆಯ ನುಡಿಯ ಕಡತ ಫಾಂಟಿಲ್ಲದೆ ತೆರೆದರೆ ರೋಮನ್ ಅಕ್ಷರಗಳ ಕಲಸುಮೇಲೋಗರ. ‘ಕಾಕಾ, ಫೈಲ್ ಕರಪ್ಟ್ ಆಗಿದೆ’ ಎಂದು ಮರಾಠಿ ಹುಡುಗ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೋ ಎಂದು ಮೊದಲೇ ಹೇಳುವ ಹೊಣೆ ನಮ್ಮದು.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ಹಳೆಯ ಯಂತ್ರಗಳ ಮಾಲೀಕರು ಇನ್ನಷ್ಟು ಕಕ್ಕಾಬಿಕ್ಕಿಯಾಗಿದ್ದಾರೆ. ಇದರ ನಡುವೆ ನೆಟ್ ಹಾಕಿದಾಗ ‘ನಿಲ್ಲುವ’ ಇನ್ನೊಂದು ಬಗೆಯೂ ಇದೆ. ತೆರೆಯ ತುಂಬ ಕೆಂಪು ಎಚ್ಚರಿಕೆ, ಕಿವಿಗಡಚಿಕ್ಕುವ ಸದ್ದು, ಮೈಕ್ರೋಸಾಫ್ಟಿನ ಗುರುತು, ಕೆಳಗೆ ವಂಚಕರದೊಂದು ಫೋನ್ ನಂಬರು. ಯಂತ್ರ ನಿಂತಿರುವುದಿಲ್ಲ, ಬ್ರೌಸರು ಪರದೆಯನ್ನೆಲ್ಲ ಆವರಿಸಿರುತ್ತದೆ, ಅಷ್ಟೆ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ ಪರದೆ ಬಿಡುಗಡೆಯಾಗುತ್ತದೆ. ಆಗದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಚ್ಚಬೇಕು, ಮತ್ತೆ ತೆರೆಯುವಾಗ ಹಳೆಯ ಪುಟಗಳನ್ನು ವಾಪಸ್ ಕರೆಸಬಾರದು. ಇಂಥ ಮನೆಗೆ ಹೋದ ರಿಪೇರಿಯವನು ಯಂತ್ರ ಮುಟ್ಟುವ ಮೊದಲು ಕೇಳುವುದು ಆ ನಂಬರಿಗೆ ಫೋನ್ ಮಾಡಿದಿರಾ, ಅವರು ಹೇಳಿದ ಆ್ಯಪ್ ಹಾಕಿಕೊಂಡಿರಾ ಎಂದು. ಹೌದು ಎಂದರೆ ಮೊದಲು ನೆಟ್ಟಿನ ಕೇಬಲ್ ಕೀಳುತ್ತಾನೆ, ಆಮೇಲೆ ಮನೆಯವರ ಮೊಬೈಲಿನಿಂದಲೇ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿಸುತ್ತಾನೆ.