ಬೆಳ್ಳಿಯ ಕುದುರೆಗಳು: ವಿಕ್ಟೋರಿಯಾ ಕಾಲದ ಪಂದ್ಯ ಬಹುಮಾನಗಳ ಒಂದು ಅಧ್ಯಯನ

ಇಂಗ್ಲೆಂಡಿನ ಕುದುರೆ ಪಂದ್ಯಗಳ ಬಹುಮಾನಕ್ಕೆ ‘ಕಪ್’ ಮತ್ತು ‘ಪ್ಲೇಟ್’ ಎಂಬ ಹೆಸರುಗಳು ರೂಢಿಯಲ್ಲಿವೆ. ಮೊದಲನೆಯದು ಪಾನಪಾತ್ರೆಯನ್ನು ಸೂಚಿಸಿದರೆ, ಎರಡನೆಯದಕ್ಕೆ ಇಲ್ಲಿ ತಟ್ಟೆ ಎಂಬ ಅರ್ಥವಿಲ್ಲ. ಬೆಳ್ಳಿ ಬಂಗಾರದ ಸಾಮಾನು ಎಂಬ ಹಳೆಯ ಅರ್ಥವಿದೆ. ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಮೊದಲ ದಶಕಗಳಲ್ಲಿ ಇಂತಹ ಅನೇಕ ಬಹುಮಾನಗಳು ಪಾತ್ರೆಯ ರೂಪವನ್ನೇ ತೊರೆದು ಕುದುರೆ ಹಾಗೂ ಸವಾರರ ಬೆಳ್ಳಿ ಶಿಲ್ಪಗಳಾದವು. ಬಳಕೆಯ ವಸ್ತುವಿನ ಹೆಸರು ಉಳಿದು, ವಸ್ತು ಮಾತ್ರ ಕಥನವಾಗಿ ಪರಿವರ್ತನೆಗೊಂಡುದು ಇಲ್ಲಿಯ ವಿಶೇಷ.

ಆಸ್ಕಟ್ ಗೋಲ್ಡ್ ಕಪ್ ಪಂದ್ಯ 1807ರಲ್ಲಿ ಆರಂಭವಾಯಿತು. 1844ರಲ್ಲಿ ರಷ್ಯಾದ ಚಕ್ರವರ್ತಿ ಮೊದಲನೆಯ ನಿಕೋಲಸ್ ಈ ಪಂದ್ಯವನ್ನು ವೀಕ್ಷಿಸಿದನು. ಗೆದ್ದ ಕುದುರೆಗೆ ಅವನ ಗೌರವಾರ್ಥ ‘ದಿ ಎಂಪರರ್’ ಎಂದು ಹೆಸರಿಡಲಾಯಿತು. ಪ್ರತಿಯಾಗಿ ಅವನು ವರ್ಷಕ್ಕೆ 500 ಪೌಂಡ್ ಮೌಲ್ಯದ ಬಹುಮಾನವನ್ನು ನೀಡತೊಡಗಿದನು. 1845ರಿಂದ 1853ರವರೆಗೆ ಪಂದ್ಯವು ‘ಎಂಪರರ್ಸ್ ಪ್ಲೇಟ್’ ಎನಿಸಿಕೊಂಡಿತು; ಕ್ರಿಮಿಯಾ ಯುದ್ಧದಿಂದ ಈ ಹೆಸರು ಅಳಿಯಿತು. ಬಹುಮಾನವು ರಾಜಕೀಯ ಸಂಬಂಧಗಳ ಕುರುಹೂ ಆಗಿತ್ತೆಂಬುದಕ್ಕೆ ಇದೊಂದು ನಿದರ್ಶನ.

ಈ ಶಿಲ್ಪಗಳನ್ನು ಲಂಡನ್ನಿನ ಗ್ಯಾರಾರ್ಡ್, ಹಂಟ್ ಅಂಡ್ ರಾಸ್ಕೆಲ್, ಹ್ಯಾನ್ಕಾಕ್ ಮುಂತಾದ ಮಳಿಗೆಗಳು ಸಿದ್ಧಪಡಿಸುತ್ತಿದ್ದವು. ಗ್ಯಾರಾರ್ಡ್ ಮಳಿಗೆಯ ಮುಖ್ಯ ಮಾದರಿಕಾರ ಎಡ್ಮಂಡ್ ಕಾಟರಿಲ್ (1795–1860) ಕುದುರೆಯ ಅಂಗವಿನ್ಯಾಸದಲ್ಲಿ ಸಿದ್ಧಹಸ್ತನು. 1850ರ ದಶಕದ ಆರಂಭದಲ್ಲಿ ಇದೇ ಮಳಿಗೆ ಅರಮನೆಗಾಗಿ ಮಾಡಿದ ಮೇಜಿನ ಕಾರಂಜಿಯಲ್ಲಿ ರಾಣಿಯ ಸ್ವಂತ ಅರಬ್ಬೀ ಕುದುರೆಗಳೇ ಮೂಡಿವೆ. ಬಹುಮಾನಗಳಲ್ಲಾದರೋ ಮಧ್ಯಯುಗದ ವೀರರು, ಅರಬ್ ಸವಾರರು, ಬೇಟೆಯ ದೃಶ್ಯಗಳು ಪ್ರಿಯವಾದ ವಸ್ತುಗಳಾಗಿದ್ದವು.

ಮೊದಲು ಮೇಣ ಅಥವಾ ಜೇಡಿಯಲ್ಲಿ ಮಾದರಿ ಸಿದ್ಧವಾಗುತ್ತಿತ್ತು. ಅದರಿಂದ ಅಚ್ಚು ತೆಗೆದು, ದೇಹ, ಕಾಲು, ಬಾಲಗಳನ್ನು ಬೇರೆ ಬೇರೆಯಾಗಿ ಎರಕ ಹೊಯ್ದು ಬೆಸೆಯುತ್ತಿದ್ದರು. ಎರಕವು ಬಿಟ್ಟ ಒರಟನ್ನು ಸಣ್ಣ ಉಳಿಗಳಿಂದ ತಿದ್ದಿ ಕೇಸರ, ನರ, ಜೀನುಗಳ ಸೂಕ್ಷ್ಮಗಳನ್ನು ಮೂಡಿಸುವುದು ಬಹುದೀರ್ಘವಾದ ಕೆಲಸ. ಕುದುರೆಗೆ ಜೀವ ಬರುತ್ತಿದ್ದುದು ಈ ಹಂತದಲ್ಲಿಯೇ.

ಲಂಡನ್ನಿನ ಬೆಳ್ಳಿಯ ಮೇಲಿನ ಮುದ್ರೆಗಳು ಸಂಶೋಧಕರಿಗೆ ಮುಖ್ಯ ಆಕರ. ನಡೆಯುವ ಸಿಂಹವು 1,000ಕ್ಕೆ 925 ಭಾಗ ಶುದ್ಧತೆಯನ್ನು, ಚಿರತೆಯ ಮುಖವು ಲಂಡನ್ ನಗರವನ್ನು, ಅಕ್ಷರವು ವರ್ಷವನ್ನು ತಿಳಿಸುತ್ತವೆ. 1890ರವರೆಗೆ ತೆರಿಗೆ ಸಂದಾಯದ ಗುರುತಾಗಿ ಆಳುವ ದೊರೆಯ ಶಿರವೂ ಇರುತ್ತಿತ್ತು. ತಯಾರಕನ ಮುದ್ರೆಯಾದರೋ ಮಳಿಗೆಯ ಒಡೆಯನದು. ಎರಕದವನದೂ ಅಲ್ಲ, ಉಳಿ ಹಿಡಿದವನದೂ ಅಲ್ಲ. ಪೀಠದ ಬರಹದಲ್ಲಿ ಪಂದ್ಯದ ಹೆಸರು, ಗೆದ್ದ ಕುದುರೆ ಮತ್ತು ಅದರ ಒಡೆಯನ ಹೆಸರುಗಳಿರುವುದುಂಟು. ಕುಶಲಕರ್ಮಿಗೆ ಅಲ್ಲಿ ಸ್ಥಳವಿಲ್ಲ.

ಜನಪದ ಕಲೆಯಲ್ಲಿ ಕರ್ತೃವಿನ ಹೆಸರು ಸಮುದಾಯದಲ್ಲಿ ಲೀನವಾಗುತ್ತದೆ. ಇಲ್ಲಿ ಅದು ಮಾರಾಟದ ವ್ಯವಸ್ಥೆಯಲ್ಲಿ ಮರೆಯಾಗಿದೆ; ಈ ಎರಡನ್ನೂ ಒಂದೆಂದು ಭಾವಿಸಲಾಗದು. ಬೆಳ್ಳಿಯು ಯಾವಾಗಲೂ ಮೂಸೆಗೆ ಮರಳಬಲ್ಲ ಲೋಹ. ಶಿಲ್ಪವು ಕರಗಿದರೆ ಲೋಹದ ಬೆಲೆ ಉಳಿಯುತ್ತದೆ, ಒಡೆಯನ ಹೆಸರೂ ಪಂದ್ಯದ ದಾಖಲೆಗಳಲ್ಲಿ ಉಳಿಯುತ್ತದೆ; ಅನಾಮಿಕ ಕೈಗಳ ಏಕೈಕ ಸಾಕ್ಷ್ಯವಾದ ಉಳಿಯ ಗುರುತು ಮಾತ್ರ ಅಳಿಯುತ್ತದೆ. ಆದುದರಿಂದ ಮುದ್ರೆ ಮತ್ತು ಬರಹಗಳಷ್ಟೇ ಎಚ್ಚರದಿಂದ ಈ ಕುಸುರಿಯನ್ನೂ ದಾಖಲಿಸುವುದು ಅಧ್ಯಯನಕಾರರ ಹೊಣೆಯಾಗಿದೆ.