ಬೇರಿಲ್ಲದ ಹಲ್ಲಿಗೆ ನೆರೆಯವರೇ ಸಾಕ್ಷಿ

'ಕಣ್ಣು ಮುಚ್ಚಿ, ಮೆಲ್ಲಗೆ ಕಚ್ಚಿ. ಏನಾದ್ರೂ ಸಿಕ್ತಾ?' ತುಮಕೂರಿನ ದಂತವೈದ್ಯೆ ಕೇಳಿದರು. ಕುರ್ಚಿಯಲ್ಲಿದ್ದವರು ಗುಬ್ಬಿ ಕಡೆಯ ಅಡಿಕೆ ಬೆಳೆಗಾರರು. ಕೆಳದವಡೆಗೆ ಮೂರು ಹಲ್ಲಿನ ಬ್ರಿಡ್ಜ್ ಕಟ್ಟಿಸಿಕೊಂಡವರು. ಇಕ್ಕಳದ ತುದಿಯಲ್ಲಿದ್ದ ಬೆಳ್ಳಿಬಣ್ಣದ ಹಾಳೆ ಬರೀ 8 ಮೈಕ್ರಾನ್ ದಪ್ಪ. 'ಏನೂ ಇಲ್ಲ' ಎಂದರು. ಮುಂದಿನದು 40 ಮೈಕ್ರಾನಿನ ನೀಲಿ ಕಾಗದ. 'ಹ್ಞೂಂ, ಸೊಪ್ಪಲ್ಲಿ ಮರಳು ಸಿಕ್ಕಂಗಾಯ್ತು!'

ಕಾಗದ ಇಟ್ಟಿದ್ದು ಬ್ರಿಡ್ಜಿನ ನಡುವಿನ ಕೃತಕ ಹಲ್ಲಿನ ಮೇಲೆ. ಅದಕ್ಕೆ ಬೇರೇ ಇಲ್ಲ! ಮತ್ತೆ ಸುದ್ದಿ ಮುಟ್ಟಿಸಿದ್ದು ಯಾರು? ಅಕ್ಕಪಕ್ಕದ ಆಧಾರದ ಹಲ್ಲುಗಳು. ಬೇರು ಮತ್ತು ಮೂಳೆಯ ನಡುವೆ ಕಾಲು ಮಿಲಿಮೀಟರಿನಷ್ಟೂ ಇಲ್ಲದ ನಾರಿನ ಪೊರೆಯಿದೆ. ಒತ್ತಡ ಅಳೆಯುವ ನರಗಳ ತುದಿ ಇರುವುದು ಅಲ್ಲಿ. ರೂಟ್ ಕೆನಾಲ್ ಮಾಡಿಸಿ 'ನರ ತೆಗೆದ' ಹಲ್ಲಿಗೂ ಕಚ್ಚಿದ್ದು ತಿಳಿಯುವುದು ಈ ಪೊರೆಯಿಂದಲೇ. ಸ್ವಂತ ಹಲ್ಲುಗಳು ಸುಮಾರು 20 ಮೈಕ್ರಾನ್ ಗುರುತಿಸುತ್ತವೆ. ಪೊರೆಯಿಲ್ಲದ ಇಂಪ್ಲಾಂಟಿಗೆ ಅದರ ಎರಡು ಮೂರು ಪಟ್ಟು ಬೇಕು, ತೆಗೆದಿಡುವ ಪೂರ್ತಿ ಸೆಟ್ಟಿಗೆ 100ರ ಆಸುಪಾಸು. 'ಥೇಟ್ ಸ್ವಂತ ಹಲ್ಲಿನ ಹಾಗೇ' ಎಂಬ ಜಾಹೀರಾತನ್ನು ನಾನು ನಂಬದಿರುವುದು ಇದಕ್ಕೇ.

ಹಲ್ಲಿನ ಮಾತು ಬಂದರೆ ನನ್ನ ಮನಸ್ಸು ಓಡುವುದು ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ಲಿಗೆ. ಹಲ್ಲು ನೋಡಿ ಕುದುರೆಯ ವಯಸ್ಸು ಹೇಳುವುದು ಎಲ್ಲರಿಗೂ ಗೊತ್ತು. ಸೋಜಿಗ ಇರುವುದು ಕಡಿವಾಣದಲ್ಲಿ. ಮುಂದಿನ ಬಾಚಿಹಲ್ಲಿಗೂ ಹಿಂದಿನ ದವಡೆಹಲ್ಲಿಗೂ ನಡುವೆ ಕುದುರೆಗೆ ಖಾಲಿ ಜಾಗವಿದೆ. ಕಬ್ಬಿಣ ಕೂರುವುದು ಅಲ್ಲೇ, ನಾಲಿಗೆ ಮತ್ತು ಬರೀ ವಸಡಿನ ಮೇಲೆ. ಸವಾರನ ಕಿರುಬೆರಳು ಅಲುಗಿದ್ದೂ ಅದಕ್ಕೆ ತಿಳಿಯುತ್ತದೆ. ಕುದುರೆಗೆ ಆ ಖಾಲಿ ಜಾಗವೇ ಕಿವಿ. ನಮ್ಮ ಖಾಲಿ ಜಾಗಕ್ಕೆ ನೆರೆಹಲ್ಲಿನ ಸಾಕ್ಷಿ ಬೇಕು.

ಬೆಳೆಗಾರರ ಚಿಂತೆಯೇ ಬೇರೆ: 'ಮುದ್ದೆ ಬಿಡಿ, ನುಂಗೋದು. ಹುರುಳಿಕಾಳು?' ಕಾಳೂ ತಿನ್ನಬಹುದು, ಬ್ರಿಡ್ಜ್ ಅಂಗುಳ ಮುಚ್ಚುವುದಿಲ್ಲವಾದ್ದರಿಂದ ಸಾರಿನ ಬಿಸಿಯೂ ಮೊದಲಿನಂತೆಯೇ ತಿಳಿಯುತ್ತದೆ ಎಂದರು ವೈದ್ಯೆ. ಅಡಿಕೆ ಮಾತ್ರ ಬೇಡವೆಂದಾಗ ಬೆಳೆಗಾರರ ಮುಖ ಸಪ್ಪಗಾಯಿತು.

ಬ್ರಿಡ್ಜ್ ಕಟ್ಟಿಸಿಕೊಳ್ಳುವವರಿಗೆ ಒಂದು ಮಾತು. ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರೆ ಬೇರಿನ ಸುತ್ತಲಿನ ಆ ಪೊರೆಯೂ ಮಲಗಿರುತ್ತದೆ, 'ಸರಿಯಾಗಿದೆಯಾ?' ಎಂದಾಗ ಕುರ್ಚಿಯಲ್ಲೇ ತಲೆಯಾಡಿಸಬೇಡಿ. ಮರುದಿನ ಕಚ್ಚಿ ನೋಡಿ. ಒಂದು ಹಲ್ಲು ಮೊದಲು ತಾಗುತ್ತಿದೆ ಅನ್ನಿಸಿದರೆ ಸಂಕೋಚ ಬಿಟ್ಟು ವಾಪಸ್ ಹೋಗಿ, ಉಜ್ಜಿಸಿಕೊಳ್ಳಿ.